ತಾರೀಖು ಹೇಳುವ ಮುನ್ನ ಲೆಕ್ಕ: ಕೆಲಸದಲ್ಲಿ ಸದಾ ತಡವಾಗುವವರಿಗೆ, ಗಡುವು ತಪ್ಪುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಸದಾ ಲೇಟಾಗಿ ಬರುವವರಿಗೆ, ಹೇಳಿದ ದಿನಕ್ಕೆ ಕೆಲಸ ಮುಗಿಸದವರಿಗೆ ಎಲ್ಲರೂ ಕೊಡುವ ಬುದ್ಧಿಮಾತು ಎರಡೇ: ಬೇಗ ಏಳು, ಶಿಸ್ತು ಕಲಿ. ಎರಡರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ರಾತ್ರಿ ಒಂಬತ್ತರವರೆಗೆ ಟೇಬಲ್ ಬಿಡದೆ ದುಡಿಯುವ ಕೇಸ್ ವರ್ಕರ್ ಕೂಡ ಗಡುವು ತಪ್ಪಿಸುತ್ತಾನೆ. ಅವನಿಗೆ ದುಡಿಮೆಯ ಕೊರತೆಯಿಲ್ಲ. ಅವನು ತಾರೀಖನ್ನು ಮೊದಲು ಬಾಯಲ್ಲಿ ಹೇಳಿ ಲೆಕ್ಕವನ್ನು ಆಮೇಲೆ ಹಾಕುತ್ತಾನೆ, ಎಷ್ಟೋ ಸಲ ಹಾಕುವುದೇ ಇಲ್ಲ. ಸಾಹೇಬರು ಕೇಳಿದ ಕೂಡಲೇ "ಆಯ್ತ್ರಿ ಸರ, ನಾಳಿ ಕೊಡ್ತೀನ್ರಿ" ಎಂದುಬಿಟ್ಟ ಕ್ಷಣದಲ್ಲೇ ಆ ಕೆಲಸ ತಡವಾಗಿರುತ್ತದೆ; ನಾಳೆ ಬರುವುದಷ್ಟೇ ಬಾಕಿ. ಲೆಕ್ಕ ಮೊದಲು, ಮಾತು ಆಮೇಲೆ ಎಂದು ಈ ಕ್ರಮವನ್ನು ತಿರುಗಿಸುವುದು ಹೇಗೆ ಎಂಬುದಕ್ಕೆ ಈ ಬರಹ. ಉದಾಹರಣೆಗಳು ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕಚೇರಿ, ಅಂಗಡಿ, ಗುತ್ತಿಗೆ ಕೆಲಸಗಳಿಂದ ಬಂದವು.

ಮೊದಲು: ಕಾಯುವ ಗಡಿಯಾರ ಯಾವುದು, ಕಾಯದ್ದು ಯಾವುದು

ನಮ್ಮ ಕಡೆ ತಡವಾಗಿ ಹೋಗುವುದಕ್ಕೂ ಒಂದು ತರ್ಕವಿದೆ. ಕಾರ್ಡಿನಲ್ಲಿ 10.30 ಎಂದು ಅಚ್ಚಾದ ಸಮಾರಂಭ ಅತಿಥಿಗಳ ಕಾರು ಬಂದಾಗಲೇ ಶುರು. 12.20ರ ಅಕ್ಷತೆಗೆ ಒಂದೂವರೆಗೆ ಹೋದರೂ ಪಂಗ್ತಿ ತಪ್ಪುವುದಿಲ್ಲ. ಹೊತ್ತಿಗೆ ಸರಿಯಾಗಿ ಹೋದವನೇ ಖಾಲಿ ಕುರ್ಚಿ ಎಣಿಸುತ್ತ ಕೂರಬೇಕು. ಹೀಗಾಗಿ ಜನ ತಡವಾಗಿ ಹೋಗುವುದನ್ನು ಅನುಭವದಿಂದಲೇ ಕಲಿತಿದ್ದಾರೆ, ಅದರಲ್ಲಿ ದಡ್ಡತನವೇನೂ ಇಲ್ಲ. ಅದೇ ಅಳತೆಯನ್ನು ಯಾರಿಗೂ ಕಾಯದ ಗಡಿಯಾರಕ್ಕೂ ಹಾಕಿದಾಗ ಪೆಟ್ಟು ಬೀಳುತ್ತದೆ.

ಆದ್ದರಿಂದ ನಿಮ್ಮ ಕೆಲಸದಲ್ಲಿ ಕಾಯದೇ ಇರುವ ಗಡಿಯಾರಗಳನ್ನು ಒಂದು ಹಾಳೆಯಲ್ಲಿ ಬರೆದು ಕಣ್ಣೆದುರಿಗೆ ಅಂಟಿಸಿ. ಪ್ರತಿಯೊಂದರ ಮುಂದೆ ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ಬರೆಯಿರಿ, ಇಲ್ಲದಿದ್ದರೆ ಅದು ಬರೀ ಕ್ಯಾಲೆಂಡರ್ ಆಗುತ್ತದೆ. ಕೆಲವು ಮಾದರಿಗಳು:

ಪ್ರತಿ ತಿಂಗಳು ರಿಟರ್ನ್ ಹಾಕುವ ವ್ಯಾಪಾರಿಗೆ ಜಿಎಸ್‌ಟಿಆರ್-1 (ಮಾರಾಟದ ಬಿಲ್ಲುಗಳ ವಿವರ) ಮರುತಿಂಗಳ 11ಕ್ಕೆ, ಜಿಎಸ್‌ಟಿಆರ್-3ಬಿ (ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್) 20ಕ್ಕೆ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ (ಶೂನ್ಯ ರಿಟರ್ನಿಗೆ 20), ಬಾಕಿ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ. 11 ತಪ್ಪಿದರೆ ಇನ್ನೊಂದು ಪೆಟ್ಟಿದೆ, ಅದು ನಿಮಗಲ್ಲ, ನಿಮ್ಮ ಗಿರಾಕಿಗೆ. ಖರೀದಿದಾರರಿಗೆ ಸಿಗುವ ತೆರಿಗೆ ಜಮೆ ತೋರಿಸುವ 2ಬಿ ಪಟ್ಟಿ 14ಕ್ಕೆ ತಯಾರಾಗುತ್ತದೆ. ನಿಮ್ಮ ಬಿಲ್ಲು ಅದರಲ್ಲಿ ಬರದಿದ್ದರೆ ಆ ತಿಂಗಳು ಅವರಿಗೆ ತೆರಿಗೆ ಜಮೆ ಸಿಗುವುದಿಲ್ಲ. ಗಿರಾಕಿ ಸದ್ದಿಲ್ಲದೆ ಬೇರೆ ಅಂಗಡಿ ನೋಡಿಕೊಳ್ಳುತ್ತಾನೆ.

ಟಿಡಿಎಸ್, ಅಂದರೆ ಬೇರೆಯವರಿಗೆ ಹಣ ಕೊಡುವಾಗ ಮುರಿದುಕೊಂಡ ತೆರಿಗೆ, ಕಟ್ಟುವುದು ಮರುತಿಂಗಳ 7ಕ್ಕೆ (ಸರ್ಕಾರಿ ಕಚೇರಿಯಲ್ಲದವರಿಗೆ ಮಾರ್ಚಿನದಕ್ಕೆ ಮಾತ್ರ ಏಪ್ರಿಲ್ 30). ಒಂದೇ ದಿನ ತಡವಾದರೆ ಏನಾದೀತು ಎನ್ನಬೇಡಿ. ಬಡ್ಡಿ ತಿಂಗಳಿಗೆ ಶೇ 1.5, ಎಣಿಕೆ ಮುರಿದುಕೊಂಡ ದಿನದಿಂದಲೇ ಶುರು, ತಿಂಗಳ ತುಣುಕೂ ಪೂರ್ತಿ ತಿಂಗಳು. ಜೂನ್ 20ಕ್ಕೆ ಮುರಿದು ಜುಲೈ 8ಕ್ಕೆ ಕಟ್ಟಿದರೆ ಇಲಾಖೆಯ ಲೆಕ್ಕದಲ್ಲಿ ಜೂನ್ ಒಂದು, ಜುಲೈ ಒಂದು, ಎರಡು ತಿಂಗಳು, ಅಂದರೆ ಶೇ 3.

ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ 30 ದಿನದೊಳಗೆ. ತಡವಾದರೆ ಮಾಹಿತಿ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ. ಮಾಹಿತಿ ಬೇರೆ ಕಚೇರಿಯಲ್ಲಿದ್ದರೆ 5 ದಿನದೊಳಗೆ ವರ್ಗಾಯಿಸಬೇಕು. ಟಪಾಲಿನಲ್ಲೇ ವಾರ ಕಳೆಯುವ ಕಚೇರಿಗಳು ಎಡವುವುದು ಇಲ್ಲಿಯೇ. ಸಕಾಲ ಸೇವೆಯಲ್ಲಿ ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20, ಗರಿಷ್ಠ 500 ರೂಪಾಯಿ. ಮೊತ್ತ ಸಣ್ಣದು, ಆದರೆ ದಾಖಲೆಯಲ್ಲಿ ಹೆಸರು ಉಳಿಯುತ್ತದೆ.

ವಕೀಲರಿಗೆ: ವಾಣಿಜ್ಯ ದಾವೆಯಲ್ಲಿ ಸಮನ್ಸ್ ಮುಟ್ಟಿ 120 ದಿನ ದಾಟಿದರೆ ಪ್ರತಿವಾದಿಯ ಲಿಖಿತ ಹೇಳಿಕೆಯನ್ನು ತೆಗೆದುಕೊಳ್ಳುವ ಅಧಿಕಾರ ನ್ಯಾಯಾಲಯಕ್ಕೂ ಇಲ್ಲ.

ಹೆಜ್ಜೆ 1: ಎರಡು ವಾರ ಬರೆದಿಡಿ

ಏನನ್ನೂ ಬದಲಿಸುವ ಮುಂಚೆ ಅಳೆಯಬೇಕು. ಕಿಸೆಯಲ್ಲಿ ಹಿಡಿಯುವ ಒಂದು ವಹಿ ಸಾಕು, ಆ್ಯಪ್ ಬೇಕಿಲ್ಲ. ನಾಲ್ಕು ಕಾಲಂ: ಹೇಳಿದ ಹೊತ್ತು, ಆದ ಹೊತ್ತು, ಹೊರಟ ಅಥವಾ ಶುರು ಮಾಡಿದ ಹೊತ್ತು, ಕಾರಣ. ಕಾರಣದ ಕಾಲಂನಲ್ಲಿ ಕಥೆ ಬೇಡ, ನಾಲ್ಕರಲ್ಲಿ ಒಂದು ಅಕ್ಷರ: "ಹೊ" ಎಂದರೆ ಹೊರಟದ್ದೇ ತಡ, "ಹಾ" ಎಂದರೆ ಹಾದಿ, "ಬೇ" ಎಂದರೆ ಬೇರೆಯವರಿಂದ ಬರಬೇಕಾದದ್ದು ಬರಲಿಲ್ಲ, "ನ" ಎಂದರೆ ನಡುವೆ ಇನ್ನೊಂದು ಕೆಲಸ ನುಗ್ಗಿತು.

"ಹಾ" ಬರೆಯುವಾಗ ಪ್ರಾಮಾಣಿಕರಾಗಿರಿ. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಗಾಡಿ ಸಿಕ್ಕಿಕೊಳ್ಳುವುದು ದಿನದ ಮಾತಾದರೆ ಅದು ಅಡ್ಡಿಯಲ್ಲ, ಆ ಹಾದಿಯ ನಿಜವಾದ ಅಳತೆಯೇ ಅಷ್ಟು. ಅಂಥದ್ದಕ್ಕೆ "ಹೊ" ಬರೆಯಿರಿ.

ಎರಡು ವಾರದ ನಂತರ ನೋಡಿ. ತಡವಾದ ಹೊತ್ತು ಯಾವಾಗಲೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ, ಅಂದರೆ ಹತ್ತಿರದ ಸಭೆಗೂ 15 ನಿಮಿಷ, ದೂರದ ಸಭೆಗೂ 15 ನಿಮಿಷ ಎಂದಾದರೆ, ದೋಷ ಮನೆಯಿಂದ ಹೊರಡುವುದರಲ್ಲಿದೆ. ನಿಮಗೆ ಹೆಜ್ಜೆ 2 ಸಾಕು. ಒಮ್ಮೆ ಅರ್ಧ ದಿನ, ಒಮ್ಮೆ ವಾರ ಎಂದು ಏರುಪೇರಿದ್ದರೆ ಅಂದಾಜಿನಲ್ಲಿದೆ, ಹೆಜ್ಜೆ 3 ನೋಡಿ. "ಬೇ" ಹೆಚ್ಚಿದ್ದರೆ ಹೆಜ್ಜೆ 4. "ನ" ಹೆಚ್ಚಿದ್ದರೆ ಸೀದಾ ಹೆಜ್ಜೆ 5ಕ್ಕೆ ಹೋಗಿ, ಏಕೆಂದರೆ ನಡುವೆ ನುಗ್ಗಿದ ಕೆಲಸಕ್ಕೂ ಯಾರೋ "ಆಯ್ತ್ರಿ" ಎಂದಿರುತ್ತಾರೆ.

ಹೆಜ್ಜೆ 2: ಕೊನೆಯಿಂದ ಹಿಂದಕ್ಕೆ ಎಣಿಸಿ

ಆಳಂದದಲ್ಲಿರುವ ಒಬ್ಬ ಎಂಜಿನಿಯರಿಗೆ ಕಲಬುರಗಿಯ ಮಿನಿ ವಿಧಾನಸೌಧದಲ್ಲಿ 11ಕ್ಕೆ ಪರಿಶೀಲನಾ ಸಭೆ ಎಂದುಕೊಳ್ಳಿ. "ಒಂದ್ ತಾಸಿನ ಹಾದಿ, ಹತ್ತಕ್ಕ ಬಿಟ್ಟರ ಆಯ್ತು" ಎಂಬುದು ತಲೆಯೊಳಗಿನ ಲೆಕ್ಕ. ಅದರಲ್ಲಿ ಬಸ್ಸು ಓಡುವ ಹೊತ್ತು ಮಾತ್ರ ಇದೆ. ಕೂತ ಕುರ್ಚಿಯಿಂದ ಹಿಂದಕ್ಕೆ ಎಣಿಸಿದರೆ ಹೀಗಾಗುತ್ತದೆ:

11.00 – ಸಭೆ
10.50 – ಕುರ್ಚಿಯಲ್ಲಿ (ಯಾವ ಹಾಲ್ ಎಂದು ಕೇಳುವುದು, ಮೆಟ್ಟಿಲು, ಹಾಜರಾತಿ ಸಹಿ)
10.40 – ಗೇಟು
10.20 – ಕೇಂದ್ರ ಬಸ್ ನಿಲ್ದಾಣದಲ್ಲಿ ಇಳಿಯುವುದು, ಆಟೋ ಹಿಡಿಯುವುದು
9.10 – ಆಳಂದದಿಂದ ಬಸ್ಸು ಬಿಡುವುದು
8.55 – ನಿಲ್ದಾಣದಲ್ಲಿ (ಸೀಟು, ಬಸ್ಸು ತುಂಬುವವರೆಗೆ ಕಾಯುವುದು)
8.40 – ಮನೆಯ ಬಾಗಿಲು

ಒಂದು ತಾಸಿನ ಹಾದಿಗೆ ಎರಡು ತಾಸು ಹತ್ತು ನಿಮಿಷ ಬೇಕಾಯಿತು. ಇದರಲ್ಲಿ ಎಲ್ಲೂ ಧಾರಾಳವಾಗಿ ಹೊತ್ತು ಸೇರಿಸಿಲ್ಲ, ಇದ್ದದ್ದನ್ನು ಎಣಿಸಿದೆವಷ್ಟೆ. ಮರೆತುಹೋಗುವುದು ಯಾವಾಗಲೂ ಎರಡು ತುದಿಯ ಚೂರುಗಳೇ: ಬೀಗದ ಕೈ ಹುಡುಕುವುದು, ಗಾಡಿ ನಿಲ್ಲಿಸುವುದು, ಝೆರಾಕ್ಸ್ ಮಾಡಿಸುವುದು.

ಅಲಾರಂ ಇಡುವುದಾದರೆ 8.40ಕ್ಕೆ ಇಡಬೇಡಿ, 8.25ಕ್ಕೆ ಇಡಿ, ಅದರ ಹೆಸರು "ಕೈಯಲ್ಲಿದ್ದದ್ದು ಬಿಡು" ಎಂದಿರಲಿ. ತಡವಾಗುವವರ ಅತಿ ದೊಡ್ಡ ಕಳ್ಳ ಎಂದರೆ ಹೊರಡುವ ಮುಂಚಿನ ಕಾಲು ಗಂಟೆಯಲ್ಲಿ "ಇದೊಂದು ಮುಗಿಸಿ ಹೋಗೋಣ" ಎಂದು ಹಿಡಿದ ಕೆಲಸ. ಹೊರಡುವುದಕ್ಕೆ 20 ನಿಮಿಷ ಇರುವಾಗ ಹೊಸ ಮೇಲ್ ತೆರೆಯುವುದಿಲ್ಲ, ಫೋನ್ ಮಾಡುವುದಿಲ್ಲ ಎಂಬ ನಿಯಮವೊಂದೇ ಬಹಳ ಜನರಿಗೆ ಸಾಕಾಗುತ್ತದೆ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ ತೋರಿಸಿಕೊಟ್ಟಂತೆ "ಬೇಗ ಹೊರಡುತ್ತೇನೆ" ಎಂಬ ಸಂಕಲ್ಪಕ್ಕಿಂತ "ಈ ಗಂಟೆ ಬಾರಿಸಿದರೆ ಇದನ್ನು ಮಾಡುತ್ತೇನೆ" ಎಂಬ ಕಟ್ಟು ಹೆಚ್ಚು ನಿಲ್ಲುತ್ತದೆ.

ಬೇಗ ಹೋಗಿ ಕಾಯುವುದೆಂದರೆ ಕೆಲವರಿಗೆ ಮುಳ್ಳಿನ ಮೇಲೆ ಕೂತಂತೆ. ಆ ಹತ್ತು ನಿಮಿಷಕ್ಕೆ ಒಂದು ಕೆಲಸ ಮೊದಲೇ ಗೊತ್ತುಮಾಡಿಕೊಳ್ಳಿ: ಓದಬೇಕಿರುವ ಸುತ್ತೋಲೆ, ಉತ್ತರಿಸಬೇಕಿರುವ ಎರಡು ಮೆಸೇಜು.

ಹೆಜ್ಜೆ 3: ನಿಮ್ಮ ಗುಣಾಂಕ ಕಂಡುಹಿಡಿಯಿರಿ

ಕೆಲಸಕ್ಕೆ ಎಷ್ಟು ದಿನ ಬೇಕೆಂದು ಅಂದಾಜಿಸುವಾಗ ಮನುಷ್ಯ ಎಲ್ಲ ಸುಸೂತ್ರವಾಗಿ ನಡೆದ ಚಿತ್ರವನ್ನೇ ನೋಡುತ್ತಾನೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್, ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಇದನ್ನು ಗುರುತಿಸಿದ್ದರು. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಕೆನಡಾದ ವಿದ್ಯಾರ್ಥಿಗಳನ್ನು ಪ್ರಬಂಧ ಎಷ್ಟು ದಿನದಲ್ಲಿ ಮುಗಿಯುತ್ತದೆ ಎಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಆದದ್ದು ಸುಮಾರು 55. ಎಲ್ಲ ಕೆಟ್ಟರೆ ಎಷ್ಟು ದಿನ ಎಂದಾಗಲೂ ಅವರು ಹೇಳಿದ್ದು 49ರ ಒಳಗೇ. ಅಂದರೆ "ಕೆಟ್ಟದ್ದಕ್ಕೂ ಜಾಗ ಬಿಟ್ಟಿದ್ದೇನೆ" ಎಂಬ ಸಮಾಧಾನವನ್ನೂ ನಂಬುವಂತಿಲ್ಲ.

ಹೊಸ ಕೆಲಸವನ್ನು ದಿಟ್ಟಿಸಿ ನೋಡುವುದನ್ನು ಬಿಟ್ಟು ಹಳೆಯ ಕೆಲಸಗಳನ್ನು ಎಣಿಸುವುದೇ ಇದಕ್ಕೆ ದಾರಿ. ಒಂದೇ ಬಗೆಯ ಕಳೆದ ಐದು ಕೆಲಸ ತೆಗೆದುಕೊಳ್ಳಿ. ಹೇಳಿದ್ದ ದಿನಗಳು 3, 5, 2, 10, 4 ಎಂದಿರಲಿ, ಒಟ್ಟು 24. ಆದ ದಿನಗಳು 5, 7, 4, 15, 7, ಒಟ್ಟು 38. 38ನ್ನು 24ರಿಂದ ಭಾಗಿಸಿದರೆ ಸುಮಾರು 1.6. ಇನ್ನು ಮುಂದೆ ಆ ಬಗೆಯ ಕೆಲಸಕ್ಕೆ ಮನಸ್ಸಿಗೆ ಬಂದ ದಿನಗಳನ್ನು 1.6ರಿಂದ ಗುಣಿಸಿಯೇ ಬಾಯಿ ತೆರೆಯಿರಿ. ಐದು ದಿನ ಅನ್ನಿಸಿದರೆ ಎಂಟು ಹೇಳಿ.

ಗುಣಾಂಕ 2 ದಾಟಿದರೆ ಗುಣಿಸಿ ಪ್ರಯೋಜನವಿಲ್ಲ. ಆ ಕೆಲಸ ಏನೆಂಬುದೇ ನಿಮಗೆ ಇನ್ನೂ ಗೊತ್ತಿಲ್ಲ ಎಂದರ್ಥ. ಅರ್ಧ ದಿನಕ್ಕಿಂತ ದೊಡ್ಡದಾದ ತುಂಡು ಉಳಿಯದಂತೆ ಅದನ್ನು ಒಡೆದು, ಪ್ರತಿ ತುಂಡಿಗೂ ಬೇರೆ ಅಂದಾಜು ಹಾಕಿ.

ಸೇರಿಸಿದ ದಿನಗಳನ್ನು ಕೆಲಸವೇ ತಿಂದುಹಾಕುವ ಅಪಾಯವೂ ಇದೆ. ಇರುವ ಹೊತ್ತೆಲ್ಲ ತುಂಬುವಷ್ಟು ಕೆಲಸ ಹಿಗ್ಗುತ್ತದೆ ಎಂದು ಬ್ರಿಟಿಷ್ ಲೇಖಕ ಪಾರ್ಕಿನ್ಸನ್ 1955ರಲ್ಲಿ ಬರೆದದ್ದು ಸರ್ಕಾರಿ ಕಚೇರಿಗಳನ್ನು ನೋಡಿಯೇ. ಅದಕ್ಕೆ ಎರಡು ತಾರೀಖು ಇಟ್ಟುಕೊಳ್ಳಿ. ಹೊರಗೆ ಹೇಳಿದ್ದು ಎಂಟನೆಯ ದಿನ, ಒಳಗಿನದು ಆರನೆಯ ದಿನ. ಒಳಗಿನ ತಾರೀಖು ನಿಮಗೊಬ್ಬರಿಗೇ ಗೊತ್ತಿದ್ದರೆ ಅದಕ್ಕೆ ಬೆಲೆಯಿಲ್ಲ. ಆರನೆಯ ದಿನ ಸಂಜೆ 4ಕ್ಕೆ ಕರಡನ್ನು ನೋಡುವುದಾಗಿ ಒಪ್ಪಿಕೊಂಡ ಸಹೋದ್ಯೋಗಿ ಒಬ್ಬರಿರಬೇಕು. ಸಂಶೋಧಕರಾದ ಡ್ಯಾನ್ ಏರಿಯಲಿ, ಕ್ಲಾಸ್ ವರ್ಟೆನ್‌ಬ್ರಾಕ್ 2002ರ ಅಧ್ಯಯನದಲ್ಲೂ ಕಂಡದ್ದು ಇದೇ: ನಡುನಡುವೆ ಹೊರಗಿನವರು ಇಟ್ಟ ಗಡುವು ಇದ್ದವರ ಕೆಲಸ ಎಲ್ಲಕ್ಕಿಂತ ಚೆನ್ನಾಗಿತ್ತು, ತಮಗೆ ತಾವೇ ಇಟ್ಟುಕೊಂಡವರದು ನಡುವೆ, ಕೊನೆಗೆ ಒಂದೇ ಗಡುವು ಇದ್ದವರದು ಎಲ್ಲಕ್ಕಿಂತ ಕೆಳಗೆ.

ಹೆಜ್ಜೆ 4: ಬೇರೆಯವರ ಕೈಯಲ್ಲಿರುವುದನ್ನು ಮೊದಲು ಅಟ್ಟಿ

ಒಂದು ಪ್ರಗತಿ ವರದಿ ಹತ್ತು ದಿನದಲ್ಲಿ ಹೋಗಬೇಕು ಎಂದಿಟ್ಟುಕೊಳ್ಳಿ. ಅದರಲ್ಲಿ ನೀವು ಟೈಪ್ ಮಾಡಿ ಕೂಡಿಸುವ ಕೆಲಸ ಎರಡು ದಿನದ್ದು. ಉಳಿದದ್ದು ತಾಲ್ಲೂಕುಗಳಿಂದ ಅಂಕಿಅಂಶ, ಕಾಮಗಾರಿಯ ಫೋಟೋ, ಬಳಕೆ ಪ್ರಮಾಣಪತ್ರ, ಲೆಕ್ಕಾಧಿಕಾರಿಯ ಸಹಿ, ಸಾಹೇಬರ ಸಹಿ. ಬಹುತೇಕ ಜನ ತಮ್ಮ ಎರಡು ದಿನದ ಕೆಲಸವನ್ನು ಮೊದಲು ಮಾಡುತ್ತಾರೆ, ಏಕೆಂದರೆ ಅದು ಸುಲಭ, ಯಾರನ್ನೂ ಕೇಳಬೇಕಿಲ್ಲ. ಎಂಟನೆಯ ದಿನ ಶಹಾಪುರದ ಅಂಕಿ ಬಂದಿಲ್ಲ ಎಂದು ಗೊತ್ತಾಗುತ್ತದೆ.

ಕೆಲಸ ಬಂದ ಮೊದಲ ಮುಂಜಾನೆ ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ನನ್ನ ಕೈಯಲ್ಲಿರುವುದು, ಬಲಗಡೆ ಬೇರೆಯವರ ಕೈಯಲ್ಲಿರುವುದು. ಬಲಗಡೆಯ ಪ್ರತಿಯೊಂದಕ್ಕೂ ಅದೇ ದಿನ ಮಧ್ಯಾಹ್ನದೊಳಗೆ ಬೇಡಿಕೆ ಹೋಗಬೇಕು. "ಸರ, ಆ ಮಾಹಿತಿ ಸ್ವಲ್ಪ ಲಗೂನ ಕಳಸ್ರಿ" ಎಂದು ಕಳಿಸಿದರೆ ಏನೂ ಬರುವುದಿಲ್ಲ. ಯಾವ ಮಾಹಿತಿ, ಯಾವ ನಮೂನೆ, ಎಷ್ಟು ಗಂಟೆಗೆ, ಬರದಿದ್ದರೆ ಏನು, ಈ ನಾಲ್ಕೂ ಇರಲಿ:

"ನಮಸ್ಕಾರ್ರಿ ಸರ. ಜೂನ್ ತಿಂಗಳ ಕಾಮಗಾರಿ ಅಂಕಿ ಬೇಕಾಗ್ಯಾವ್ರಿ, ನಮೂನೆ ಕೆಳಗ ಹಾಕೀನಿ, ಆರ ಕಾಲಂ ಅದಾವ. ಗುರುವಾರ ಮಧ್ಯಾಹ್ನ 3ರೊಳಗ ಕಳಸ್ರಿ. ಬರಲಿಲ್ಲಂದ್ರ ನಿಮ್ಮ ತಾಲ್ಲೂಕಿನ ಕಾಲಂ ಖಾಲಿ ಬಿಟ್ಟು ವರದಿ ಮೇಲಕ್ಕ ಹೋಗ್ತದ್ರಿ."

ನಡುವೆ, ಅಂದರೆ ಗಡುವಿನ ಹಿಂದಿನ ದಿನವಲ್ಲ, ಅರ್ಧ ಹೊತ್ತು ಕಳೆದಾಗ ಒಂದು ಫೋನ್ ಮಾಡಿ. ಸಹಿ ಬೇಕಾದಲ್ಲಿ ಸಾಹೇಬರ ಪ್ರವಾಸ ಯಾವಾಗ ಎಂದು ಅವರ ಪಿಎ ಬಳಿ ಮೊದಲ ದಿನವೇ ಕೇಳಿಕೊಳ್ಳಿ. ಬೆಂಗಳೂರಿಗೆ ಸಭೆಗೆ ಹೋದವರು ಇಲ್ಲಿಂದ ಒಂದೇ ದಿನದಲ್ಲಿ ಹೋಗಿ ಬರುವುದಿಲ್ಲ. ಒಂದು ದಿನದ ಸಭೆ ಎಂದರೆ ಕನಿಷ್ಠ ಎರಡು ದಿನ ಸಹಿ ಇಲ್ಲ ಎಂದು ಎಣಿಸಿ.

ನಮ್ಮ ಜಿಲ್ಲೆಗಳಿಗೆ ಇನ್ನೊಂದು ವಿಶೇಷ ಲೆಕ್ಕವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಮುಂಜಾನೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸಲಾಗುತ್ತದೆ. ಬ್ಯಾಂಕುಗಳು ಮಾತ್ರ 10ಕ್ಕೇ ತೆರೆಯುತ್ತವೆ. ಕಚೇರಿಯ ಸಹಿ, ಬ್ಯಾಂಕಿನ ಚಲನ್ ಎರಡೂ ಬೇಕಾದ ಕೆಲಸಕ್ಕೆ ದಿನದಲ್ಲಿ ಉಳಿಯುವುದು 10ರಿಂದ 1.30, ಮೂರೂವರೆ ತಾಸು. ಎರಡನೇ, ನಾಲ್ಕನೇ ಶನಿವಾರ ಎರಡೂ ಬಂದ್. ಫೆಬ್ರವರಿಯಲ್ಲಿ ಒಂದು ದಿನಕ್ಕೆ ಮುಗಿದ ಕೆಲಸ ಮೇ ತಿಂಗಳಲ್ಲಿ ಎರಡು ದಿನ ಹಿಡಿಯುವುದು ಇದಕ್ಕೇ. ಈ ಎರಡು ತಿಂಗಳಲ್ಲಿ "ಮಧ್ಯಾಹ್ನದ ಮ್ಯಾಲ ಬರ್ತೀನ್ರಿ" ಎಂಬ ಮಾತಿಗೆ ಅರ್ಥವೇ ಇಲ್ಲ.

ಹೆಜ್ಜೆ 5: ತಾರೀಖು ಕೇಳಿದಾಗ ಏನು ಹೇಳಬೇಕು

ಎಲ್ಲಕ್ಕಿಂತ ಕಷ್ಟದ ಹೆಜ್ಜೆ ಇದು. ಹಿರಿಯರೆದುರು ತಕ್ಷಣ ಒಪ್ಪಿಕೊಳ್ಳುವುದು ಮರ್ಯಾದೆ ಎಂದು ಬೆಳೆದವರು ನಾವು. "ಆಗೋದಿಲ್ಲ" ಎಂದರೆ ಉದ್ಧಟತನ. ಆದರೆ ಲೆಕ್ಕಕ್ಕೆ ಹೊತ್ತು ಕೇಳುವುದು ನಿರಾಕರಣೆಯಲ್ಲ.

"ಫೈಲ್ ನೋಡಿ ಇವತ್ತ 4 ಗಂಟೆ ಒಳಗ ತಾರೀಖು ಹೇಳ್ತೀನ್ರಿ ಸರ."

ಇಷ್ಟು ಸಾಕು, ಆದರೆ 4ಕ್ಕೆ ಹೇಳಲೇಬೇಕು. ಸಾಹೇಬರು "ನಾಳಿನೇ ಬೇಕು" ಎಂದು ಪಟ್ಟು ಹಿಡಿದರೆ ಇಲ್ಲ ಎನ್ನಬೇಡಿ, ನಾಳೆಗೆ ಎಷ್ಟು ಆಗುತ್ತದೆ ಎಂದು ಹೇಳಿ:

"ನಾಳಿ ಮುಂಜಾನಿ ಎರಡು ತಾಲ್ಲೂಕಿಂದು ಕೊಡ್ತೀನ್ರಿ, ಉಳದದ್ದು ಶುಕ್ರವಾರ. ಎಲ್ಲಾ ನಾಳಿನೇ ಬೇಕಂದ್ರ ಆ ಟೆಂಡರ್ ಫೈಲ್ ಒಂದ್ ದಿನ ಹಿಂದ್ ಬೀಳ್ತದ್ರಿ, ಯಾವ್ದು ಮೊದಲ ಮಾಡ್ಲಿ ಹೇಳ್ರಿ."

ಆಯ್ಕೆ ಅವರ ಕೈಗೆ ಹೋಯಿತು, ಮರ್ಯಾದೆಯೂ ಉಳಿಯಿತು. ಗಂಟೆಯಿಲ್ಲದ ತಾರೀಖು ಕೊಡಬೇಡಿ. "ಶುಕ್ರವಾರ" ಎಂದರೆ ಕೇಳಿದವರಿಗೆ ಮುಂಜಾನೆ, ಹೇಳಿದವರಿಗೆ ರಾತ್ರಿ.

ಹೆಜ್ಜೆ 6: ತಪ್ಪುವ ಸೂಚನೆ ಕಂಡ ದಿನವೇ ಹೇಳಿ

ನಿಯಮ ಸರಳ: ಅರ್ಧ ಹೊತ್ತು ಕಳೆದಾಗ ಅರ್ಧ ಕೆಲಸ ಆಗಿರದಿದ್ದರೆ ಅಂದೇ ಹೇಳಬೇಕು. ಮೂರು ಸಾಲು ಸಾಕು: ಏನಾಗಿದೆ, ಹೊಸ ತಾರೀಖು ಮತ್ತು ಗಂಟೆ, ಅಷ್ಟರೊಳಗೆ ಅವರಿಗೆ ಏನು ಕೊಡಬಲ್ಲಿರಿ. ಕ್ಷಮೆ ಒಂದು ಸಲ, ಕಾರಣ ಒಂದು ವಾಕ್ಯ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂಬ ಸುಳ್ಳು ಒಂದು ದಿನ ನಿಜವೂ ಆಗುತ್ತದೆ, ಆಗ ಯಾರೂ ನಂಬುವುದಿಲ್ಲ.

ಹೊಸ ತಾರೀಖನ್ನೂ ಅವಸರದಲ್ಲಿ ಹೇಳಬೇಡಿ. ಉಳಿದ ಕೆಲಸವನ್ನು ನಿಮ್ಮ ಗುಣಾಂಕದಿಂದ ಗುಣಿಸಿ. ಒಮ್ಮೆ ಮುಂದೆ ಹೋದದ್ದನ್ನು ಜನ ಸಹಿಸುತ್ತಾರೆ, ಎರಡನೆಯ ಸಲ ಮುಂದೆ ಹೋದದ್ದನ್ನು ನೆನಪಿಟ್ಟುಕೊಳ್ಳುತ್ತಾರೆ.

ಮನೆಯಲ್ಲಿ ಚಪ್ಪಲಿ ಹುಡುಕುತ್ತ "ಹಾದ್ಯಾಗ ಅದೀನ್ರಿ" ಎನ್ನುವ ಅಭ್ಯಾಸವನ್ನು ಪೂರ್ತಿ ಬಿಡಿ. ನೀವು 40 ನಿಮಿಷ ತಡ ಎಂದು ಗೊತ್ತಿದ್ದರೆ ಎದುರಿನವರು ಇನ್ನೊಂದು ಕೆಲಸ ಮುಗಿಸಿಕೊಳ್ಳುತ್ತಿದ್ದರು. ಹತ್ತು ಹತ್ತು ನಿಮಿಷವೆಂದು ನಾಲ್ಕು ಸಲ ಹೇಳಿದರೆ ಅವರು ನಿಂತಲ್ಲೇ ನಿಂತಿರುತ್ತಾರೆ.

ಹೆಜ್ಜೆ 7: ಪೋರ್ಟಲ್ ಕೆಲಸಕ್ಕೆ ಕೊನೆಯ ದಿನ ಇಲ್ಲ

ಟೆಂಡರ್, ರಿಟರ್ನ್, ಆನ್‌ಲೈನ್ ಅರ್ಜಿ: ಇವುಗಳಲ್ಲಿ ಕೊನೆಯ ದಿನವನ್ನು ಕ್ಯಾಲೆಂಡರಿನಿಂದ ಅಳಿಸಿಹಾಕಿ, ಎರಡು ಕೆಲಸದ ದಿನ ಮುಂಚಿನದನ್ನೇ ಗಡುವು ಎಂದು ಬರೆಯಿರಿ. ಕೊನೆ ತಾಸಿನಲ್ಲಿ ಕೈಕೊಡುವುದು ಹೆಚ್ಚಾಗಿ ಇವು: ಡಿಜಿಟಲ್ ಸಹಿಯ ಅವಧಿ ಮುಗಿದಿರುವುದು, ಟೋಕನ್ನಿನ (ಆ ಸಹಿ ಇರುವ ಯುಎಸ್‌ಬಿ ಕಡ್ಡಿಯ) ಡ್ರೈವರ್ ಹೊಸ ಕಂಪ್ಯೂಟರಿನಲ್ಲಿ ಇಲ್ಲದಿರುವುದು, ಒಟಿಪಿ ಮಾಲೀಕರ ಹಳೆಯ ನಂಬರಿಗೆ ಹೋಗುವುದು, ಸ್ಕ್ಯಾನ್ ಮಾಡಿದ ಪಿಡಿಎಫ್ ಮಿತಿಗಿಂತ ದೊಡ್ಡದಾಗಿರುವುದು, ಇಎಂಡಿ (ಟೆಂಡರಿನ ಮುಂಗಡ ಠೇವಣಿ) ಹಣ ಖಾತೆಯಿಂದ ಹೋಗಿಯೂ ಪೋರ್ಟಲಿನಲ್ಲಿ ಕಾಣದಿರುವುದು, ಕರೆಂಟು. ಇವಕ್ಕೆಲ್ಲ ಐದು ದಿನ ಮುಂಚೆ 20 ನಿಮಿಷದ ತಾಲೀಮು ಸಾಕು: ಲಾಗಿನ್ ಆಗಿ, ಟೋಕನ್ ಹಾಕಿ ಸಹಿ ಪರೀಕ್ಷಿಸಿ, ಒಟಿಪಿ ಬರುವ ಫೋನ್ ಯಾರ ಬಳಿ ಇದೆ ನೋಡಿ, ಫೈಲುಗಳ ಗಾತ್ರ ನೋಡಿ. ಸಲ್ಲಿಸಿದ ಮೇಲೆ ಸ್ವೀಕೃತಿ ಸಂಖ್ಯೆಯ ಪುಟ ಉಳಿಸಿಕೊಳ್ಳುವವರೆಗೆ ಕೆಲಸ ಮುಗಿದಿಲ್ಲ.

ಮೇಲಧಿಕಾರಿಗಳಿಗೆ, ಮಾಲೀಕರಿಗೆ

ನಿಮ್ಮ ಕೈಕೆಳಗಿನವರು ಸದಾ ತಡ ಮಾಡುತ್ತಿದ್ದರೆ ನೋಟಿಸಿಗೆ ಮುಂಚೆ ಎರಡನ್ನು ನೋಡಿ. ನಿಮ್ಮ ಸಭೆ ಹೇಳಿದ ಹೊತ್ತಿಗೆ ಶುರುವಾಗುತ್ತದೆಯೇ? ಬಂದವರನ್ನು ಕಾಯಿಸಿ ಬಾರದವರಿಗೆ ಮತ್ತೆ ಮೊದಲಿನಿಂದ ಹೇಳುವ ಸಭೆಗೆ ಯಾರೂ ಬೇಗ ಬರುವುದಿಲ್ಲ. ಎರಡನೆಯದು, ನೀವು ಕೊಡುವ ಗಡುವುಗಳಲ್ಲಿ ಸುಳ್ಳು ಎಷ್ಟು? ಶುಕ್ರವಾರ ಬೇಕಾದದ್ದನ್ನು ಮಂಗಳವಾರ ಬೇಕೆಂದು ಕೇಳಿ, ಬಂದದ್ದನ್ನು ಶುಕ್ರವಾರದವರೆಗೆ ತೆರೆಯದೆ ಇಟ್ಟರೆ ಸಿಬ್ಬಂದಿ ಅದನ್ನು ತಿಂಗಳೊಳಗೆ ಪತ್ತೆಮಾಡುತ್ತಾರೆ. ಆಮೇಲೆ ನಿಮ್ಮ ನಿಜವಾದ ಮಂಗಳವಾರವೂ ಶುಕ್ರವಾರವೇ. ಯಾವುದು ಜರೂರು, ಯಾವುದು ಅಲ್ಲ ಎಂದು ನಿಜ ಹೇಳುವ ಅಧಿಕಾರಿಯ ಕಚೇರಿಯಲ್ಲಿ ಗಡುವು ತಪ್ಪುವುದು ಕಡಿಮೆ.

ಲೆಕ್ಕಕ್ಕೆ ಬಗ್ಗದಿದ್ದರೆ

ಎರಡು ತಿಂಗಳು ಬರೆದು, ಎಣಿಸಿ, ಗುಣಿಸಿ ನೋಡಿದರೂ ವಹಿಯಲ್ಲಿ ಬದಲಾವಣೆ ಕಾಣದಿದ್ದರೆ ಮೂರು ಸಾಧ್ಯತೆಗಳಿವೆ. ಮೊದಲನೆಯದು, ಕೆಲಸವೇ ಒಬ್ಬರಿಗೆ ಮೀರಿದ್ದು. ಖಾಲಿ ಹುದ್ದೆಗಳಿಂದ ಮೂರು ಜನರ ಟೇಬಲ್ ಒಬ್ಬರ ಮೇಲೆ ಬಿದ್ದಾಗ ಯಾವ ವಿಧಾನವೂ ನಡೆಯುವುದಿಲ್ಲ. ಆಗ ಕೆಲಸಗಳ ಪಟ್ಟಿ, ಪ್ರತಿಯೊಂದಕ್ಕೂ ಬೇಕಾಗುವ ತಾಸು, ಇರುವ ತಾಸು ಬರೆದು ಲಿಖಿತವಾಗಿ ಮೇಲಕ್ಕೆ ಕೊಡಿ. ಎರಡನೆಯದು ನಿದ್ದೆ: ರಾತ್ರಿ ಎರಡರವರೆಗೆ ನಿದ್ದೆ ಬಾರದವರು, ಗೊರಕೆಯಿಂದ ಉಸಿರು ಕಟ್ಟಿ ಏಳುವವರು ಅಲಾರಂ ಸಂಖ್ಯೆ ಹೆಚ್ಚಿಸುವ ಬದಲು ವೈದ್ಯರನ್ನು ಕಾಣಬೇಕು.

ಮೂರನೆಯದು ಎಡಿಎಚ್‌ಡಿ, ಅಂದರೆ ಚಿಕ್ಕಂದಿನಿಂದಲೇ ಗಮನ ನಿಲ್ಲದ, ಚಡಪಡಿಸುವ ತೊಂದರೆ. ಇದಿರುವ ಅನೇಕ ವಯಸ್ಕರಿಗೆ ಹೊತ್ತು ಸರಿಯುವ ಅಂದಾಜೇ ಸಿಗುವುದಿಲ್ಲ. ಹತ್ತು ನಿಮಿಷವೆಂದು ಕೂತದ್ದು ಒಂದೂವರೆ ತಾಸಾಗಿರುತ್ತದೆ. ಶುರು ಮಾಡಲಾಗದೆ ಒದ್ದಾಡುವುದು, ವಸ್ತುಗಳನ್ನು ಕಳೆದುಕೊಳ್ಳುವುದು, ಮಾತಿನ ನಡುವೆ ಗಮನ ಜಾರುವುದು ಜೊತೆಗಿದ್ದು, ಇದು 12 ವರ್ಷಕ್ಕೂ ಮುಂಚಿನಿಂದ ಶಾಲೆ ಮನೆ ಎರಡರಲ್ಲೂ ಕಂಡಿದ್ದರೆ ಮನೋವೈದ್ಯರ ಬಳಿ ಹೋಗುವುದು ಸರಿಯಾದ ದಾರಿ. ಆತಂಕ, ಖಿನ್ನತೆಯಲ್ಲೂ ಗಡುವು ತಪ್ಪುತ್ತದೆ, ಆದರೆ ಅದು ಸಾಮಾನ್ಯವಾಗಿ ಇತ್ತೀಚೆಗೆ ಶುರುವಾಗಿರುತ್ತದೆ. ವೈದ್ಯರು ಮೊದಲು ಕೇಳುವುದೂ ಇದನ್ನೇ, ಯಾವಾಗಿನಿಂದ ಎಂದು. ನಿಮ್ಮ ವಹಿಯನ್ನು ಜೊತೆಗೆ ಒಯ್ಯಿರಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗವಿದೆ. ಹೋಗಲು ಹಿಂಜರಿಕೆಯಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದಿನದ 24 ತಾಸೂ ಇರುತ್ತದೆ.